ಅಮೆರಿಕದ ಸೆಮಿನರಿಯಲ್ಲಿ ಎಂ.ಡಿವ್ (ಮಾಸ್ಟರ್ ಆಫ್ ಡಿವಿನಿಟಿ, ಸಭಾಪಾಲಕ ಸೇವೆಗೆ ತಯಾರು ಮಾಡುವ ಸ್ನಾತಕೋತ್ತರ ಪದವಿ) ಮಾಡಲು ಭಾರತದಿಂದ ಅರ್ಜಿ ಹಾಕುವುದು ಹೇಗೆ?

ಮೊದಲು ಸೆಮಿನರಿಗೆ ಎಟಿಎಸ್ (ಅಮೆರಿಕ, ಕೆನಡಾದ ದೇವತಾಶಾಸ್ತ್ರ ಶಾಲೆಗಳ ಸಂಘ) ಮಾನ್ಯತೆ ಇದೆಯೇ, ವಿದೇಶಿ ವಿದ್ಯಾರ್ಥಿಗೆ ಐ-20 (ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಶಾಲೆಯ ಅರ್ಹತಾ ಪತ್ರ) ಕೊಡುವ ಅಧಿಕಾರ ಇದೆಯೇ ನೋಡಿ. ಎಂ.ಡಿವ್ ಸಾಮಾನ್ಯವಾಗಿ 3 ವರ್ಷ. ಯಾವ ವಿಷಯದ ಪದವಿಯಾದರೂ ನಡೆಯುತ್ತದೆ. ಅಂಕಪಟ್ಟಿ, ಟೋಫೆಲ್ (ಇಂಗ್ಲಿಷ್ ಭಾಷಾ ಪರೀಕ್ಷೆ) ಅಂಕ, ಸಭಾಪಾಲಕರ ಶಿಫಾರಸು ಪತ್ರ, ದೇವರ ಕರೆಯ ಬಗ್ಗೆ ಪ್ರಬಂಧ ಕೇಳುತ್ತಾರೆ.

ಹೆಚ್ಚಿನವರು ಸಿಕ್ಕಿಬೀಳುವುದು ಹಣದ ವಿಷಯದಲ್ಲಿ. ಪ್ರವೇಶ ಸಿಕ್ಕ ಮಾತ್ರಕ್ಕೆ ಐ-20 ಬರುವುದಿಲ್ಲ. ಮೊದಲ ವರ್ಷದ ಶುಲ್ಕ, ಊಟ-ವಸತಿ, ವಿಮೆ ಎಲ್ಲದಕ್ಕೂ ಹಣವಿದೆ ಎಂದು ತೋರಿಸಬೇಕು. ಬೋಧನಾ ಶುಲ್ಕ ಪೂರ್ತಿ ಮಾಫಿಯಾದರೂ ಜೀವನವೆಚ್ಚದ ಲೆಕ್ಕ ಉಳಿದೇ ಇರುತ್ತದೆ. ಸಂಗಾತಿ, ಮಕ್ಕಳು ಜೊತೆಗೆ ಬಂದರೆ ಮೊತ್ತ ಇನ್ನೂ ಏರುತ್ತದೆ, ವಿದ್ಯಾರ್ಥಿಯ ಕುಟುಂಬಕ್ಕೆ ಕೊಡುವ ಎಫ್-2 ವೀಸಾದಲ್ಲಿ ಸಂಗಾತಿ ದುಡಿಯುವಂತಿಲ್ಲ. ನಿಮ್ಮ ಸಭೆ ನೆರವಾಗುವುದಾದರೆ ಬರೀ ಆಶೀರ್ವಾದದ ಪತ್ರ ಸಾಲದು: ಡಾಲರ್ ಮೊತ್ತ ನಮೂದಿಸಿದ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಎರಡೂ ಇರಲಿ. ವಿದ್ಯಾರ್ಥಿವೇತನದ ಕೊನೆಯ ದಿನ ಹಲವೆಡೆ ಪ್ರವೇಶದ ಗಡುವಿಗಿಂತ ಮೊದಲೇ ಬರುತ್ತದೆ, ದಯವಿಟ್ಟು ಅದನ್ನೇ ಮೊದಲು ಗುರುತಿಸಿಕೊಳ್ಳಿ.