ಉಪವಾಸ ತಂದ ಗರ್ವ

ಪ್ರಶ್ನೆ: ವಾರಕ್ಕೆರಡು ದಿನ ಉಪವಾಸ ಮಾಡುತ್ತೇನೆ. ಮಾಡದ ನಮ್ಮ ಚರ್ಚಿನ ಸಭಿಕರನ್ನು ಕಂಡರೆ ಒಳಗೊಳಗೇ ತಾತ್ಸಾರ. ಉಪವಾಸವನ್ನೇ ಬಿಡಲೇ?

ಉತ್ತರ: ಬೇಡ. ಬೈಬಲಿನ ಲೂಕ 18ರಲ್ಲಿ ಯೇಸು ಹೇಳಿದ ಸಾಮ್ಯದ ಫರಿಸಾಯನದೂ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ) ವಾರಕ್ಕೆರಡೇ ಉಪವಾಸ! ಅವನು ಎಡವಿದ್ದು ಹಸಿವಿನಲ್ಲಲ್ಲ, ಅಲ್ಲೇ ಪ್ರಾರ್ಥಿಸುತ್ತಿದ್ದ ಸುಂಕದವನನ್ನು, ಅಂದರೆ ಜನ ಪಾಪಿಯೆಂದು ಹೀಗಳೆಯುತ್ತಿದ್ದ ತೆರಿಗೆ ವಸೂಲಿಗಾರನನ್ನು, ಅಳೆದದ್ದರಲ್ಲಿ. ಸುಂಕದವನು ತನ್ನನ್ನು ಯಾರೊಂದಿಗೂ ಹೋಲಿಸಿಕೊಳ್ಳದೆ ಕರುಣೆಯನ್ನಷ್ಟೇ ಬೇಡಿದ.

ಮತ್ತಾಯ 6:17ರಂತೆ ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದು, ಎಂದಿನಂತಿರಿ. ಮನೆಯಲ್ಲಿ ಅಡುಗೆ ಮಾಡುವವರಿಗಷ್ಟೇ ತಿಳಿದರೆ ಸಾಕು. ಊಟ ಬಿಟ್ಟಿದ್ದರಿಂದ ಉಳಿದ ಹಣವನ್ನು ಹೆಸರು ಹೇಳದೆ ಹಸಿದವರಿಗೆ ಕೊಡಿ. ತಾತ್ಸಾರ ಎದ್ದ ಕೂಡಲೇ ಆ ವ್ಯಕ್ತಿಯ ಹೆಸರೆತ್ತಿ, ಅವರ ಒಳಿತಿಗಾಗಿ ಪ್ರಾರ್ಥಿಸಿ, ಅವರು ತಿದ್ದಿಕೊಳ್ಳಲೆಂದಲ್ಲ. ಹಲವರು ಜಾರುವುದು ಇಲ್ಲೇ.

ಇನ್ನೊಂದು: ಎಲ್ಲರೆದುರು "ನಾನು ಮಹಾಪಾಪಿ" ಎನ್ನುತ್ತಾ ತಿರುಗುವುದೂ ಹೊಗಳಿಕೆಗೆ ಹಾಕುವ ಗಾಳವೇ. ಅರಿಕೆಯನ್ನು ನಂಬಿಕಸ್ಥ ಹಿರಿಯರೊಬ್ಬರ ಬಳಿ, ಇಂಥ ದಿನ ಇಂಥವರನ್ನು ಕೀಳಾಗಿ ಕಂಡೆ ಎಂದು ನಿರ್ದಿಷ್ಟವಾಗಿ ಮಾಡಿ.