ದೇವರು ಅಂತ ಪೂಜೆ ಮಾಡ್ತಿದ್ದ ಪ್ರಾಣಿಗಳನ್ನೇ ಈಜಿಪ್ಟಿನವರು ಯಾಕೆ ಕೊಂದು ಮಮ್ಮಿ ಮಾಡ್ತಿದ್ರು?

ಇಲ್ಲಿ ಎರಡು ಬೇರೆ ಬೇರೆ ಪದ್ಧತಿ ಸೇರ್ಕೊಂಡಿವೆ, ಅದನ್ನ ಮೊದ್ಲು ಬಿಡಿಸ್ಕೋಬೇಕು. ಮೆಂಫಿಸ್ ಊರಿನ ಆಪಿಸ್ ಹೋರಿ ಬದುಕಿದ್ದಾಗ್ಲೇ ದೇವರು, ಒಂದು ಕಾಲಕ್ಕೆ ಒಂದೇ ಹೋರಿ, ಮೈಮೇಲಿನ ಗುರುತು ನೋಡಿ ಆರಿಸ್ತಿದ್ರು, ಸತ್ರೆ 70 ದಿನ ಶೋಕ, ಆಮೇಲೆ ಆ ಊರಿನ ಸ್ಮಶಾನವಾಗಿದ್ದ ಸಕ್ಕಾರಾದ ಸೆರಾಪಿಯಂ ಸುರಂಗದಲ್ಲಿ ದೊಡ್ಡ ಕಲ್ಲಿನ ಪೆಟ್ಟಿಗೇಲಿ ಸಮಾಧಿ. ಅದನ್ನ ಯಾರೂ ಹರಕೆಗೆ ಅಂತ ಕೊಲ್ತಿರ್ಲಿಲ್ಲ.

ನೀವು ಕೇಳ್ತಿರೋ ಲಕ್ಷಗಟ್ಲೆ ನಾಯಿ, ಬೆಕ್ಕು, ಐಬಿಸ್ ಹಕ್ಕಿಗಳು ಹರಕೆಯವು. ನಮ್ಮಲ್ಲಿ ಕಣ್ಣು ವಾಸಿಯಾಗ್ಲಿ ಅಂತ ಬೆಳ್ಳಿ ಕಣ್ಣು ಒಪ್ಪಿಸ್ತಾರಲ್ಲ, ಹಂಗೆ ಭಕ್ತರು ಅನುಬಿಸ್ ದೇವರಿಗೆ ನಾಯಿ, ಬಾಸ್ತೆತ್ ದೇವಿಗೆ ಬೆಕ್ಕು, ಥೋತ್ ದೇವರಿಗೆ ಐಬಿಸ್ ಮಮ್ಮಿ ಅರ್ಪಿಸ್ತಿದ್ರು. ಬೆಕ್ಕಿನ ಮಮ್ಮಿಗಳ ಎಕ್ಸ್‌ರೇ ತೆಗ್ದಾಗ ಕತ್ತು ಮುರಿದಿರೋ ಮರಿಗಳು ತುಂಬಾ ಸಿಕ್ಕಿವೆ. ಸಕ್ಕಾರಾದಲ್ಲಿ ಈ ಮಮ್ಮಿಗಳನ್ನ ಇಡ್ತಿದ್ದ ಸುರಂಗಗಳಿವೆ, ನಾಯಿಗಳ ಸುರಂಗ ಒಂದ್ರಲ್ಲೇ ಸುಮಾರು 80 ಲಕ್ಷ ಪ್ರಾಣಿ ಇದ್ದಿರಬೇಕು ಅಂತ ಕಾರ್ಡಿಫ್ ಯೂನಿವರ್ಸಿಟಿಯ ಪಾಲ್ ನಿಕೋಲ್ಸನ್ ತಂಡದ ಅಂದಾಜು, ಅದ್ರಲ್ಲಿ ಎಷ್ಟೋ ಹುಟ್ಟಿ ಕೆಲವೇ ಗಂಟೆ ಆದ ಮರಿಗಳು. ಓದೋಕೆ ಸಂಕಟ ಆಗುತ್ತೆ, ನಿಜ.

ಆದ್ರೆ ಸುರಂಗಗಳನ್ನ ಮಾತ್ರ ನೋಡಿದ್ರೆ ವಿಷ್ಯ ಅರ್ಥ ಆಗಲ್ಲ ಅನ್ನೋದು ನನ್ನ ಅಭಿಪ್ರಾಯ, ಅವುಗಳ ಮೇಲೆ ಮರಳುಗಾಡಿನ ಅಂಚಲ್ಲಿ ಜನ ವಾಸ ಮಾಡ್ತಿದ್ರು, ಮೆಂಫಿಸ್‌ನ ಹೊರವಲಯದ ಬಡಾವಣೆ ಅಂತಾನೇ ಅನ್ನಬಹುದು. ಅನುಬಿಸ್ ಗುಡಿಯ ಗೋಡೆ ಒಳಗಿದ್ದ ಮನೆಗಳನ್ನ ಅಗೆದು ತೆಗ್ದಿದ್ದಾರೆ, ಪೊಲೀಸರೂ ಅಲ್ಲೇ ಇರ್ತಿದ್ರು. ಟಾಲೆಮಾಯೋಸ್ ಅನ್ನೋ ಗ್ರೀಕ್ ಮೂಲದವನು ಕ್ರಿ.ಪೂ. 172ರಿಂದ ಸುಮಾರು 20 ವರ್ಷ ಸೆರಾಪಿಯಂ ಗುಡಿಯ ಆವರಣ ಬಿಟ್ಟು ಹೊರಗೆ ಹೋಗದೆ ದೇವರಿಗೆ ಕಟ್ಟುಬಿದ್ದು ಇದ್ದ, ಗುಡಿ ಗುಡಿಸೋರು, ರೊಟ್ಟಿ ಬೇಯಿಸೋರು ಸೇರ್ಕೊಂಡು ತನ್ನನ್ನ ಹೊಡೆದ್ರು ಅಂತ ಅವನು ಬರೆದ ದೂರು ಪಪೈರಸ್ ಅನ್ನೋ ಜೊಂಡಿನ ಹಾಳೆಯಲ್ಲಿ ಉಳಿದಿದೆ. ಅವನ ಆಶ್ರಯದಲ್ಲಿದ್ದ ಅವಳಿ ಹೆಣ್ಮಕ್ಕಳು ಸತ್ತ ಆಪಿಸ್‌ಗೆ ಶೋಕ ಮಾಡೋ ಕೆಲಸಕ್ಕಿದ್ರು, ಅವ್ರಿಗೆ ಬರಬೇಕಾದ ರೊಟ್ಟಿ, ಎಣ್ಣೆ ಬರ್ಲಿಲ್ಲ ಅಂತ ರಾಜನ ತನಕ ಅರ್ಜಿ ಹೋಗಿದೆ. ನನಗೆ ಆ ಕಲ್ಲಿನ ಪೆಟ್ಟಿಗೆಗಳಿಗಿಂತ ಈ ಅರ್ಜಿಗಳೇ ದೊಡ್ಡ ನಿಧಿ, ಪೂಜೆ ಅನ್ನೋದು ಎಷ್ಟು ಜನರ ಹೊಟ್ಟೆಪಾಡಾಗಿತ್ತು ಅಂತ ಅವ್ರದೇ ಮಾತಲ್ಲಿ ಸಿಗುತ್ತೆ.

ಹೊಟ್ಟೆಪಾಡು ಅಂದ್ರೆ ಭಕ್ತಿ ಇರ್ಲಿಲ್ಲ ಅಂತಲ್ಲ ಮತ್ತೆ. ಮ್ಯಾಂಚೆಸ್ಟರ್‌ನಲ್ಲಿ 800ಕ್ಕೂ ಹೆಚ್ಚು ಪ್ರಾಣಿ ಮಮ್ಮಿ ಸ್ಕ್ಯಾನ್ ಮಾಡಿದಾಗ ಸುಮಾರು ಮೂರರಲ್ಲಿ ಒಂದರ ಒಳಗೆ ಪ್ರಾಣಿಯ ಮೂಳೆಯೇ ಇರ್ಲಿಲ್ಲ, ಬರೀ ಜೊಂಡು, ಮಣ್ಣು, ಮೊಟ್ಟೆ ಸಿಪ್ಪೆ, ಗರಿ. ಪೇಪರಲ್ಲೆಲ್ಲ ಮೋಸ ಅಂತ ಬರೆದ್ರು. ಆ ಪ್ರಾಣಿಗಳ ಹತ್ರ ಇದ್ದ ವಸ್ತುವೂ ಪವಿತ್ರ ಅಂತ ಸೇರಿಸಿರಬಹುದು ಅಂತಾರೆ ಸಂಶೋಧಕರು, ನನಗೂ ಅದೇ ಸರಿ ಅನ್ಸುತ್ತೆ. ಯಾಕಂದ್ರೆ ನಿಜವಾಗ್ಲೂ ಅಕ್ರಮ ನಡೆದಾಗ ಅವರು ಸುಮ್ನೆ ಬಿಟ್ಟಿಲ್ಲ. ಐಬಿಸ್ ಗುಡಿಯಲ್ಲಿದ್ದ ಹೋರ್ ಅನ್ನೋ ಲಿಪಿಕಾರ ಮಡಕೆ ಚೂರುಗಳ ಮೇಲೆ ಬರೆದಿಟ್ಟಿದ್ದಾನೆ, ವಿಚಾರಣೆ ಆಗಿ ತಪ್ಪು ಮಾಡಿದವರನ್ನ ಜೈಲಿಗೆ ಹಾಕಿದ್ರು, ಮಮ್ಮಿ ಇಡೋ ಒಂದು ಮಡಕೇಲಿ ಒಂದೇ ದೇವರು ಇರಬೇಕು ಅನ್ನೋ ನಿಯಮ ಆಯ್ತು. ದೇವರು ಅಂದಿದ್ದು ಅವನು ಬಟ್ಟೆ ಸುತ್ತಿದ ಆ ಹಕ್ಕಿಯನ್ನ, ಅಂದ್ರೆ ಅವ್ರ ಲೆಕ್ಕದಲ್ಲಿ ದೇವರನ್ನ ಕೊಲ್ತಿರ್ಲಿಲ್ಲ, ಹಕ್ಕಿ ಮಮ್ಮಿ ಆದ್ಮೇಲೇನೇ ದೇವರ ಜೊತೆ ಸೇರ್ತಿತ್ತು.