ಮುಂಬೈಯಲ್ಲಿ ನೆರೆ ಬಂದರೆ ಸರ್ಕಾರ ನೋಡಿಕೊಳ್ಳುತ್ತದೆ ಅಲ್ವಾ, ಹೌಸಿಂಗ್ ಸೊಸೈಟಿಯವರು ಯಾಕೆ ತಯಾರಿ ಮಾಡಬೇಕು?

ಸರ್ಕಾರದವರು ಬಂದೇ ಬರುತ್ತಾರೆ, ಆದರೆ ಮೊದಲ ಕೆಲವು ಗಂಟೆ ನಿಮಗೆ ನೀವೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು, ಸಮುದ್ರದಲ್ಲಿ ಉಬ್ಬರ ಇದ್ದದ್ದರಿಂದ ನೀರು ಹೊರಗೆ ಹೋಗಲಾರದೆ ಮೀಠಿ ನದಿ ಉಕ್ಕಿ ಕುರ್ಲಾ ಕಡೆಯ ಮನೆಗಳಿಗೆ ನುಗ್ಗಿತು. ರಸ್ತೆಯೇ ಮುಳುಗಿದ ಮೇಲೆ ಯಾವ ಗಾಡಿ ಬರಲು ಸಾಧ್ಯ?

ಅದೇ ವರ್ಷ ಡಿಸೆಂಬರ್‌ನಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ವಿಪತ್ತಿನಲ್ಲಿ ಜನರನ್ನು ರಕ್ಷಿಸುವ ಎನ್‌ಡಿಆರ್‌ಎಫ್ ಪಡೆ, ಜಿಲ್ಲೆಗೊಂದು ವಿಪತ್ತು ನಿರ್ವಹಣಾ ಪ್ರಾಧಿಕಾರ ಎಲ್ಲಾ ಅದರಿಂದಲೇ. ಒಳ್ಳೆಯ ಕಾಯ್ದೆ. ಆದರೆ ನಿಮ್ಮ ಕಟ್ಟಡದಲ್ಲಿ ಯಾರಿಗೆ ನಡೆಯಲು ಆಗುವುದಿಲ್ಲ, ಯಾರಿಗೆ ದಿನಾ ಇನ್ಸುಲಿನ್ ಬೇಕು ಅನ್ನುವುದು ಯಾವ ಅಧಿಕಾರಿಗೂ ಗೊತ್ತಿರುವುದಿಲ್ಲ. ಇಲ್ಲಿನ ಎಷ್ಟೋ ಕನ್ನಡದ ಮನೆಗಳಲ್ಲಿ ವಯಸ್ಸಾದ ಇಬ್ಬರೇ ಇರುತ್ತಾರೆ, ಮಕ್ಕಳು ಪುಣೆಯಲ್ಲೋ ಬೆಂಗಳೂರಲ್ಲೋ. ಅಂಥವರ ಪಟ್ಟಿ ಮೇ ತಿಂಗಳಲ್ಲೇ ಮಾಡಿ, ಅವರನ್ನು ಮೇಲಿನ ಮಹಡಿಗೆ ಯಾರು ಕರೆದುಕೊಂಡು ಹೋಗುತ್ತಾರೆ ಅಂತ ಹೆಸರು ಸಮೇತ ಬರೆದಿಡಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ.

ನೆಲಮಹಡಿಗೆ ನೀರು ಬರುವ ಮೊದಲೇ ಮೇನ್ ಸ್ವಿಚ್ ಆಫ್ ಮಾಡುವವರು ಯಾರು ಅನ್ನುವುದೂ ಗೊತ್ತಿರಲಿ. ಪಾಲಿಕೆಯ ಸಹಾಯವಾಣಿ 1916 ನಂಬರನ್ನು ಲಿಫ್ಟ್ ಹತ್ತಿರ ಅಂಟಿಸಿ. ಜೋರು ಮಳೆಯ ದಿನ ಉಬ್ಬರದ ಸಮಯ ನೋಡದೆ ಸುಮ್ನೆ ಹೊರಗೆ ಹೊರಡಬೇಡಿ.